ಪಠ್ಯಕ್ರಮಕ್ಕೂ ಮೊದಲು ನಾಲ್ಕು ಎಕರೆ

ವಿಶ್ವವಿದ್ಯಾಲಯವೊಂದು ಸುಸ್ಥಿರ ಕೃಷಿಯ ಕೋರ್ಸ್ ಶುರು ಮಾಡಬೇಕೆಂದರೆ ಮೊದಲು ಬೇಕಾದದ್ದೇನು? ಕುಲಸಚಿವರನ್ನು ಕೇಳಿದರೆ ಮಂಜೂರಾದ ಹುದ್ದೆಗಳು ಎನ್ನುತ್ತಾರೆ. ವಿಭಾಗದ ಮುಖ್ಯಸ್ಥರಿಗೆ ಪಠ್ಯಕ್ರಮ ಬೇಕು. ಜನಪ್ರತಿನಿಧಿಗಳಿಗೆ ಕಟ್ಟಡ ಬೇಕು, ಅದಕ್ಕಿಂತ ಮೊದಲು ಶಂಕುಸ್ಥಾಪನೆಯ ಕಲ್ಲು ಬೇಕು. ನನ್ನನ್ನು ಕೇಳಿದರೆ ನಾಲ್ಕು ಎಕರೆ ಮಳೆಯಾಶ್ರಿತ ಹೊಲ ಬೇಕು. ಅದರ ಮೇಲೆ ಹತ್ತು ವರ್ಷ ಯಾರೂ ಹಾಸ್ಟೆಲ್ ಕಟ್ಟುವುದಿಲ್ಲ, ಬೇರೊಂದು ಪ್ರಯೋಗಕ್ಕೆಂದು ಕಿತ್ತುಕೊಳ್ಳುವುದಿಲ್ಲ ಎಂಬ ಲಿಖಿತ ಆದೇಶವೂ ಜೊತೆಗಿರಬೇಕು. ಉಳಿದದ್ದನ್ನು ಹೇಗೋ ಹೊಂದಿಸಿಕೊಳ್ಳಬಹುದು.

ಇದನ್ನೇ ಒಂದು ಸಭೆಯಲ್ಲಿ ಹೇಳಿಯೂ ಬಂದೆ. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಬೇಡ. ಕೃಷಿ ಇಲಾಖೆಯಲ್ಲಿದ್ದು, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ, ಗೊಬ್ಬರ, ಸಹಾಯಧನದ ಅರ್ಜಿಗಳ ನಡುವೆ ಸೇವೆ ಮುಗಿಸಿದವನು ನಾನು. ಈಗ ಜಗಳೂರು ತಾಲ್ಲೂಕಿನಲ್ಲಿ ನಮ್ಮ ಮನೆತನದ ಹೊಲ ನೋಡಿಕೊಂಡಿದ್ದೇನೆ. ಎರಡೂ ಕಡೆಯ ಅನುಭವ ಇದೆಯೆಂದು ನನ್ನನ್ನು ಬಾಹ್ಯ ಸದಸ್ಯನಾಗಿ ಕರೆದಿದ್ದರು. ಕರಡು ಪಠ್ಯಕ್ರಮ ಮುಂದಿಟ್ಟರು. ಪರಿಸರ ವಿಜ್ಞಾನ, ಹವಾಮಾನ ಬದಲಾವಣೆ, ಸಾವಯವ ದೃಢೀಕರಣ, ಡ್ರೋನ್ ಬಳಕೆ, ಉದ್ಯಮಶೀಲತೆ ಎಲ್ಲವೂ ಅದರಲ್ಲಿದ್ದವು. ಹೊಲ ಎಲ್ಲಿ ಎಂದು ಕೇಳಿದೆ. ಪ್ರತಿ ಸೆಮಿಸ್ಟರ್‌ಗೆ ಒಂದು ಪ್ರಾತ್ಯಕ್ಷಿಕೆ ತಾಕು ಕೊಡುತ್ತೇವೆ ಎಂದರು. ಸೆಮಿಸ್ಟರ್ ಮುಗಿದ ಮೇಲೆ? ಟ್ರ್ಯಾಕ್ಟರ್ ಹೊಡೆಸಿ ಮುಂದಿನ ತಂಡಕ್ಕೆ ಸಿದ್ಧ ಮಾಡುತ್ತೇವೆ ಎಂದರು. ಅಲ್ಲಿಗೆ ನನಗೆ ಮಾತನಾಡಲು ವಿಷಯ ಸಿಕ್ಕಿತು.

ಮಣ್ಣಿನ ಲೆಕ್ಕ ಸೆಮಿಸ್ಟರ್‌ನಲ್ಲಿ ಮುಗಿಯುವುದಿಲ್ಲ. ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, ಶೇ 0.75 ದಾಟಿದರೆ ‘ಹೆಚ್ಚು’ ಎಂದು ಬರೆಯುತ್ತಾರೆ. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂದ ಮೇಲೆ ಅಂಥ ವರದಿಗಳನ್ನು ರಾಶಿಗಟ್ಟಲೆ ಹಂಚಿದವನು ನಾನು. ನಮ್ಮ ಬಯಲುಸೀಮೆಯ ಕೆಂಪು ಹೊಲಗಳ ಚೀಟಿಗಳಲ್ಲಿ ‘ಕಡಿಮೆ’ ಎಂಬುದೇ ಹೆಚ್ಚಾಗಿ ಕಾಣುತ್ತಿತ್ತು. ಬಿಸಿಲು ಹೆಚ್ಚು, ಮಳೆ ಕಡಿಮೆ ಇರುವ ಕಡೆ ಹಾಕಿದ ಕೊಟ್ಟಿಗೆ ಗೊಬ್ಬರ ಬೇಗ ಕಳಿತು ಮುಗಿದುಹೋಗುತ್ತದೆ. 0.4 ಇದ್ದದ್ದು 0.5 ಆಗುವುದಕ್ಕೆ ವರ್ಷಗಳೇ ಬೇಕು. ಒಂದೇ ಹೊಲದ ಎರಡು ಮೂಲೆಗಳ ಮಣ್ಣಿನ ನಡುವೆಯೇ ಅಷ್ಟು ವ್ಯತ್ಯಾಸ ಇರುವುದರಿಂದ, ನಾಲ್ಕು ತಿಂಗಳು ಎರೆಗೊಬ್ಬರ ಹಾಕಿ ‘ಮಣ್ಣು ಸುಧಾರಿಸಿದೆ’ ಎಂದು ವರದಿ ಬರೆಯುವ ವಿದ್ಯಾರ್ಥಿ ಕಲಿಯುವುದು ವರದಿ ಬರೆಯುವುದನ್ನು ಮಾತ್ರ.

ಇದು ನಮ್ಮ ಕೃಷಿ ವಿಜ್ಞಾನಿಗಳಿಗೆ ತಿಳಿಯದ ವಿಷಯವೇನಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಒಣಬೇಸಾಯ ಯೋಜನೆಯಲ್ಲಿ 1978ರಿಂದ ರಾಗಿಯ ಮೇಲೆ ಶಾಶ್ವತ ಗೊಬ್ಬರ ಪ್ರಯೋಗ ನಡೆದಿದೆ. ಕೆಲವು ತಾಕುಗಳಿಗೆ ರಾಸಾಯನಿಕ ಗೊಬ್ಬರ ಮಾತ್ರ, ಕೆಲವಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ, ಕೆಲವಕ್ಕೆ ಎರಡೂ, ಕೆಲವಕ್ಕೆ ಏನೂ ಇಲ್ಲ. ರಾಸಾಯನಿಕ ಗೊಬ್ಬರವನ್ನಷ್ಟೇ ಉಂಡ ತಾಕು ಮೊದಮೊದಲು ಚೆನ್ನಾಗಿಯೇ ಕೊಟ್ಟಿತು, ವರ್ಷಗಳು ಕಳೆದಂತೆ ಇಳುವರಿ ಇಳಿಯುತ್ತಾ ಬಂತು. ಕೊಟ್ಟಿಗೆ ಗೊಬ್ಬರವನ್ನೂ ಶಿಫಾರಸಿನ ರಾಸಾಯನಿಕ ಗೊಬ್ಬರವನ್ನೂ ಕೂಡಿಸಿದ ತಾಕು ಇಳುವರಿ ಉಳಿಸಿಕೊಂಡಿತು. ಈ ಫಲಿತಾಂಶ ನನಗೆ ಇಷ್ಟವಾಗುವುದಕ್ಕೆ ಒಂದು ಕಾರಣವಿದೆ: ಯೂರಿಯಾ ಚೀಲದ ಮೇಲೆ ಕುಳಿತವರಿಗೂ ಸಗಣಿ-ಗಂಜಲದ ಜೀವಾಮೃತದ ಡ್ರಮ್ಮಿನ ಪಕ್ಕ ನಿಂತವರಿಗೂ ಇದು ಒಂದೇ ಸಮನೆ ಮುಜುಗರ ತರುತ್ತದೆ. ಆದರೆ ಇದನ್ನು ನೋಡಲು ಅದೇ ನೆಲವನ್ನು ಅದೇ ರೀತಿಯಲ್ಲಿ ದಶಕಗಟ್ಟಲೆ ಉತ್ತಿರಬೇಕು. ನಮ್ಮ ವಿದ್ಯಾರ್ಥಿಗಳಿಗೆ ಇಂಥ ತಾಕುಗಳು ಸಿಗುವುದು ಅಧ್ಯಯನ ಪ್ರವಾಸದ ಅರ್ಧ ದಿನ, ಗುಂಪು ಫೋಟೊ ಸಮೇತ.

ಹೊರಗಿನ ಉದಾಹರಣೆ ಕೊಟ್ಟರೆ ಸಭೆಗಳಲ್ಲಿ ಬೆಲೆ ಜಾಸ್ತಿ, ಹಾಗಾಗಿ ಅಯೋವಾದ ಕಥೆ ಹೇಳಿದೆ. ಅಮೆರಿಕದ ಅಯೋವಾ ಎಂದರೆ ಮೆಕ್ಕೆಜೋಳದ ಸೀಮೆ. ಅಲ್ಲಿಯ ಬಾವಿಗಳ ನೀರಿಗೆ ಗೊಬ್ಬರ, ಕೀಟನಾಶಕಗಳ ಅಂಶ ಸೇರುತ್ತಿದೆ ಎಂಬ ಆತಂಕದಿಂದ 1987ರಲ್ಲಿ ಅಂತರ್ಜಲ ರಕ್ಷಣೆಯ ಕಾನೂನು ಬಂತು. ಅದೇ ಕಾನೂನಿನಡಿ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸುಸ್ಥಿರ ಕೃಷಿಗೆಂದೇ ಲಿಯೊಪೋಲ್ಡ್ ಕೇಂದ್ರ ಹುಟ್ಟಿತು. ಅದಕ್ಕೆ ಹಣ ಬಂದದ್ದು ಸಾರಜನಕ ಗೊಬ್ಬರ ಮತ್ತು ಕೀಟನಾಶಕಗಳ ಮೇಲೆ ಹಾಕಿದ ಶುಲ್ಕದಿಂದ. ಕೊಳೆ ಮಾಡಿದ್ದರಿಂದಲೇ ಕೊಳೆ ತೊಳೆಯುವ ಕೂಲಿ ವಸೂಲಿ! ಎಷ್ಟು ಚಂದದ ಏರ್ಪಾಡು ಎಂದು ಅನ್ನಿಸುತ್ತದೆ. 2001ರಲ್ಲಿ ಅದೇ ವಿಶ್ವವಿದ್ಯಾಲಯ ಸುಸ್ಥಿರ ಕೃಷಿಯಲ್ಲಿ ಸ್ನಾತಕೋತ್ತರ ಪದವಿ ಶುರು ಮಾಡಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮಾರ್ಸ್‌ಡನ್ ಫಾರ್ಮ್ ಎಂಬ ಜಾಗದಲ್ಲಿ ಒಂಬತ್ತು ಹೆಕ್ಟೇರ್‌ನ ದೀರ್ಘಾವಧಿ ಪ್ರಯೋಗವನ್ನೂ ಹೂಡಿದರು. ಒಂದು ಭಾಗದಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಎರಡು ವರ್ಷದ ಸರದಿ, ಅಲ್ಲಿನ ರೈತರ ವಾಡಿಕೆಯಂತೆ. ಇನ್ನೆರಡು ಭಾಗಗಳಲ್ಲಿ ಓಟ್ಸ್‌ನಂಥ ಧಾನ್ಯ, ಕ್ಲೋವರ್, ಆಲ್ಫಾಲ್ಫಾದಂಥ ಮೇವಿನ ದ್ವಿದಳ ಸೇರಿಸಿ ಮೂರು ಮತ್ತು ನಾಲ್ಕು ವರ್ಷದ ಸರದಿ, ಜೊತೆಗೆ ದನದ ಗೊಬ್ಬರ. 2003ರಿಂದ 2011ರವರೆಗಿನ ಒಂಬತ್ತು ವರ್ಷದ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಉದ್ದನೆಯ ಸರದಿಗಳಲ್ಲಿ ರಾಸಾಯನಿಕ ಗೊಬ್ಬರ, ಕಳೆನಾಶಕ ಬಹಳ ಕಡಿಮೆ ಬಳಸಿಯೂ ಮೆಕ್ಕೆಜೋಳದ ಇಳುವರಿ ಕುಗ್ಗಲಿಲ್ಲ, ತುಸು ಹೆಚ್ಚೇ ಬಂತು. ಲಾಭ ಸರಿಸುಮಾರು ಸಮ. ದುಡಿಮೆ ಮಾತ್ರ ಹೆಚ್ಚು ಬೇಕಾಯಿತು.

ಕೊನೆಯ ಆ ವಾಕ್ಯವನ್ನು ಸಭೆಯಲ್ಲಿ ಎರಡು ಸಲ ಹೇಳಿದೆ. ಸುಸ್ಥಿರ ಕೃಷಿಯ ಬಗ್ಗೆ ಭಾಷಣ ಮಾಡುವವರು ನುಂಗಿಕೊಳ್ಳುವುದು ಅದನ್ನೇ. ನಮ್ಮಲ್ಲಿ ಆಳಿಗೆ ಅಡ್ಡಾಡಿ ಸಾಕಾದ ರೈತನ ಮುಂದೆ ‘ಖರ್ಚಿಲ್ಲದ ಕೃಷಿ’ ಎಂದರೆ ಅವನು ನಗುತ್ತಾನೆ.

ಅಯೋವಾದ ಕಥೆಗೆ ಇನ್ನೊಂದು ತುದಿಯೂ ಇದೆ. 2017ರಲ್ಲಿ ಅಲ್ಲಿಯ ಶಾಸನಸಭೆ ಲಿಯೊಪೋಲ್ಡ್ ಕೇಂದ್ರಕ್ಕೆ ಹೋಗುತ್ತಿದ್ದ ಹಣ ನಿಲ್ಲಿಸಿತು. ಕೇಂದ್ರದ ಹೆಸರು ಉಳಿಯಿತು, ಬೊಕ್ಕಸ ಬರಿದಾಯಿತು. ಪದವಿ ಕಾರ್ಯಕ್ರಮವೂ ಪ್ರಯೋಗದ ತಾಕುಗಳೂ ಮುಂದುವರಿದವು. ನಾಲ್ಕು ಎಕರೆಗಾಗಿ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇನ್ನೂ ವಿಚಿತ್ರ. ಅಲ್ಲಿ ವಿದ್ಯಾರ್ಥಿಗಳೇ ಒತ್ತಾಯಿಸಿ 1977ರಲ್ಲಿ ತಮ್ಮದೊಂದು ಪ್ರಾಯೋಗಿಕ ತೋಟ ಪಡೆದರು. ಸುಸ್ಥಿರ ಕೃಷಿ ಮತ್ತು ಆಹಾರ ವ್ಯವಸ್ಥೆ ಎಂಬ ಪದವಿ ಅಧಿಕೃತವಾಗಿ ಶುರುವಾದದ್ದು 2011ರಲ್ಲಿ. ನೆಲ ಮೊದಲು, ಪದವಿ 34 ವರ್ಷ ಆಮೇಲೆ. ಅಷ್ಟು ತಡವಾಗಬೇಕಿರಲಿಲ್ಲ ಎನ್ನುವುದು ಬೇರೆ ಮಾತು. ನಮ್ಮಲ್ಲಿ ಪದವಿ ಮೊದಲು ಬರುತ್ತದೆ, ನೆಲದ ಪ್ರಸ್ತಾವನೆ ಕಡತದಲ್ಲಿ ಸುತ್ತುತ್ತಿರುತ್ತದೆ.

ಹೀಗೇಕೆ ಎನ್ನುವುದಕ್ಕೆ ಸ್ವಲ್ಪ ಇತಿಹಾಸ ಬೇಕು. 1862ರ ಕಾನೂನಿನಿಂದ ಅಮೆರಿಕದಲ್ಲಿ ಸರ್ಕಾರಿ ಜಮೀನಿನ ಆದಾಯದ ಮೇಲೆ ಕೃಷಿ ಕಾಲೇಜುಗಳು ಎದ್ದವು. ಅದೇ ಮಾದರಿಯನ್ನು ನಾವು ತಂದೆವು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಟೆನೆಸ್ಸಿ ವಿಶ್ವವಿದ್ಯಾಲಯ ಕೈಜೋಡಿಸಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬುದು ಆ ಮಾದರಿಯ ತಿರುಳು, ಅದರಿಂದ ನಮಗೆ ಒಳ್ಳೆಯದೇ ಆಯಿತು. ಜೊತೆಗೆ ವಿಭಾಗಗಳೂ ಬಂದವು: ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ಕೀಟಶಾಸ್ತ್ರ, ಸಸ್ಯರೋಗ, ಅರ್ಥಶಾಸ್ತ್ರ. ಒಬ್ಬೊಬ್ಬರಿಗೆ ಹೊಲದ ಒಂದೊಂದು ತುಂಡು. ಇಡೀ ಹೊಲ ಯಾರ ಪಾಲಿಗೂ ಬರಲಿಲ್ಲ.

ಅದರ ಪರಿಣಾಮ ನೋಡಬೇಕೆಂದರೆ ದಾವಣಗೆರೆ ಜಿಲ್ಲೆಯ ಯಾವುದಾದರೂ ಮೆಕ್ಕೆಜೋಳದ ಹೊಲಕ್ಕೆ ಹೋಗಬೇಕು. ಒಂದು ಕಾಲಕ್ಕೆ ಹತ್ತಿಯ ಊರು, ಗಿರಣಿಗಳ ಊರು. ಈಗ ಜಿಲ್ಲೆ ರಾಜ್ಯದ ಮುಂಚೂಣಿ ಮೆಕ್ಕೆಜೋಳದ ಪ್ರದೇಶ. ಕಟಾವಿನ ಸಮಯದಲ್ಲಿ ರಸ್ತೆಯ ಅರ್ಧಭಾಗ ಕಾಳು ಒಣಗಿಸುವ ಕಣ. ಮೊದಲು ಇಲ್ಲಿ ಸಾಲುಗಳ ನಡುವೆ ತೊಗರಿಯನ್ನು ಅಕ್ಕಡಿಯಾಗಿ, ಅಂದರೆ ಜೊತೆಬೆಳೆಯಾಗಿ, ಬಿಡುವ ರೂಢಿಯಿತ್ತು. ಆರು ಸಾಲಿಗೆ ಒಂದು ಸಾಲು ತೊಗರಿ ಎಂಬ ಶಿಫಾರಸು ಈಗಲೂ ಪುಸ್ತಕದಲ್ಲಿದೆ. ಹೊಲದಲ್ಲಿ ಏಕಿಲ್ಲ? ರೈತನಿಗೆ ತಿಳಿವಳಿಕೆ ಇಲ್ಲ ಎಂದು ಬೇಸಾಯಶಾಸ್ತ್ರದವರು ಹೇಳುತ್ತಾರೆ. ರೈತನನ್ನು ಕೇಳಿದರೆ ಬೇರೆಯೇ ಉತ್ತರ. ಎಡೆಕುಂಟೆ ಹೊಡೆಯಲು ಎತ್ತಿಲ್ಲ, ಕಳೆ ತೆಗೆಯಲು ಹೆಣ್ಣಾಳು ಸಿಗುವುದಿಲ್ಲ, ಹಾಗಾಗಿ ಬಿತ್ತಿದ ಕೂಡಲೇ ಅಟ್ರಾಜಿನ್ ಎಂಬ ಕಳೆನಾಶಕ ಹೊಡೆಯುತ್ತಾನೆ. ಅಟ್ರಾಜಿನ್ ಬಿದ್ದಲ್ಲಿ ಮೆಕ್ಕೆಜೋಳ ಬದುಕುತ್ತದೆ, ತೊಗರಿ ಬದುಕುವುದಿಲ್ಲ. ಕಳೆ ವಿಭಾಗದ ಒಂದು ಶಿಫಾರಸು ಬೆಳೆ ಪದ್ಧತಿ ವಿಭಾಗದ ಇನ್ನೊಂದು ಶಿಫಾರಸನ್ನು ಕೊಂದುಹಾಕಿದೆ, ಎರಡೂ ಒಂದೇ ಪುಸ್ತಕದ ಬೇರೆಬೇರೆ ಪುಟಗಳಲ್ಲಿ ಆರಾಮವಾಗಿವೆ. ಪೆಂಡಿಮೆಥಾಲಿನ್ ಎಂಬ ಇನ್ನೊಂದು ಕಳೆನಾಶಕ ಬಳಸಿದರೆ ಎರಡು ಬೆಳೆಯೂ ಉಳಿಯುತ್ತವೆ. ಅಷ್ಟನ್ನು ಹೇಳಲು ಪಿಎಚ್.ಡಿ. ಬೇಕಿಲ್ಲ, ಎರಡೂ ಪುಟಗಳನ್ನು ಒಟ್ಟಿಗೆ ಓದುವ ಒಬ್ಬ ಮನುಷ್ಯ ಬೇಕು. ತೊಗರಿ ಹೋದದ್ದರಿಂದ ಉದುರುವ ಎಲೆ ಹೋಯಿತು, ಬೇಳೆ ಅಂಗಡಿಯಿಂದ ಬರತೊಡಗಿತು, ಒಲೆಗೆ ತೊಗರಿ ಕಟ್ಟಿಗೆ ಇಲ್ಲವಾಯಿತು. ಬೆಲೆ ಬಿದ್ದ ವರ್ಷ ಕೈಹಿಡಿಯಲು ಎರಡನೆಯ ಬೆಳೆಯೂ ಇಲ್ಲ.

ಒಂದೇ ಬೆಳೆಯ ಸಾಮ್ರಾಜ್ಯಕ್ಕೆ ಹುಳು ಬಂದದ್ದು ಆಶ್ಚರ್ಯವಲ್ಲ. 2018ರ ಮೇ ತಿಂಗಳಿನಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಪತ್ತೆ ಹಚ್ಚಿದವರು ಅಲ್ಲಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಬರುತ್ತವೆ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕಾ ತಲುಪಿತ್ತು, ಎರಡೇ ವರ್ಷದಲ್ಲಿ ಇಲ್ಲಿಗೆ ಬಂತು. ಅವರು ಹುಳುವನ್ನು ಬೇಗ ಗುರುತಿಸಿದ್ದು ಇಡೀ ದೇಶಕ್ಕೆ ಉಪಕಾರವಾಯಿತು. ಆ ವರ್ಷದ ಮುಂಗಾರಿನಲ್ಲಿ ಸುಳಿಯ ಒಳಗೆ ಒದ್ದೆ ಮರದಪುಡಿಯಂಥ ಲದ್ದಿ ತುಂಬಿಕೊಂಡ ಗಿಡಗಳನ್ನು ಕಿತ್ತು ತಂದು ರೈತರು ನಮ್ಮ ಕಚೇರಿಯ ಮೇಜಿನ ಮೇಲೆ ಇಡುತ್ತಿದ್ದರು. ‘ಇದಕ್ಕೆ ಎಣ್ಣೆ ಯಾವುದು ಸಾರ್?’ ಎಂಬ ಒಂದೇ ಪ್ರಶ್ನೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಹತ್ತು ಕಿಲೊ ಅಕ್ಕಿ ತೌಡು, ಎರಡು ಕಿಲೊ ಬೆಲ್ಲ, ನೀರು ಕಲಸಿ ಒಂದು ದಿನ ಹುಳಿಬರಿಸಿ, ಔಷಧ ಬೆರೆಸಿ ಸುಳಿಗೆ ಹಾಕುವ ವಿಷಪಾಷಾಣದ ವಿಧಾನ ಹೇಳಿಕೊಟ್ಟೆವು. ಕೈಗೆ ಗವಸು ಹಾಕಿಕೊಳ್ಳಿ ಎಂದು ಹೇಳಿಯೂ ಹೇಳಿದೆವು. ಮುಂದಿನ ವರ್ಷ ಏನು ಬಿತ್ತಬೇಕು ಎಂದು ಒಬ್ಬ ರೈತನೂ ಕೇಳಲಿಲ್ಲ. ಉತ್ತರ ಯಾರ ಬಳಿಯೂ ಇಲ್ಲ ಎಂದು ಅವರಿಗೆ ಗೊತ್ತಿತ್ತು.

ಇಂಥ ಪ್ರಶ್ನೆಗೆ ಉತ್ತರಿಸಬಲ್ಲವರನ್ನು ತಯಾರು ಮಾಡುವುದೇ ಕೋರ್ಸ್‌ನ ಕೆಲಸ ಎಂದಾದರೆ ಈಗಿರುವ ಪದವಿಯಲ್ಲಿ ಅದಕ್ಕೆ ಅವಕಾಶ ಎಲ್ಲಿದೆ ಎಂದು ನೋಡಬೇಕು. ಇದೆ. ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ವಿದ್ಯಾರ್ಥಿಗಳು ಹಳ್ಳಿಗೆ ಬಂದು ಇರುತ್ತಾರೆ. ಇಡೀ ಪದವಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು. ನನ್ನ ತಮ್ಮನ ಮಗಳು ಹೀಗೆ ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದಾಗ ನೋಡಲು ಹೋಗಿದ್ದೆ. ಮಾರಮ್ಮನ ಗುಡಿಯ ಮುಂದಿನ ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಿದ್ದರು. ಕೆರೆಗೆ ನೀಲಿ, ರಸ್ತೆಗೆ ಕಪ್ಪು, ಮನೆಗಳಿಗೆ ಕೆಂಪು. ಮಧ್ಯಾಹ್ನದೊಳಗೆ ಹಸಿರು ಪುಡಿ ಮುಗಿದುಹೋಯಿತು. ಅಡಿಕೆಗೂ ಹಸಿರು, ಮೆಕ್ಕೆಜೋಳಕ್ಕೂ ಹಸಿರು. ಊರಿನ ಒಬ್ಬ ಅಜ್ಜಿ ನಕ್ಷೆಯ ಮೇಲೆಯೇ ನಡೆದು ಬಂದು, ನೀಲಿ ಬಳಿದಿದ್ದ ಕೆರೆಯ ಅರ್ಧವನ್ನು ಕಾಲಿನಿಂದ ಒರೆಸಿ, ‘ಇಷ್ಟು ಒತ್ತುವರಿ ಆಗಿದೆ, ಇಷ್ಟಕ್ಕೇ ಬಣ್ಣ ಹಾಕಿ’ ಎಂದಳು. ಹುಡುಗರು ಬೆಚ್ಚಿದರು, ಪಂಚಾಯಿತಿ ಸದಸ್ಯರೊಬ್ಬರು ಮೊಬೈಲ್ ನೋಡತೊಡಗಿದರು. ವರದಿಯಲ್ಲಿ ಯಾವ ನಕ್ಷೆ ಹೋಯಿತು ಎಂದು ಆಮೇಲೆ ಕೇಳಿದೆ.

‘ಒರೆಸುವುದಕ್ಕಿಂತ ಮೊದಲು ತೆಗೆದ ಫೋಟೊ, ದೊಡ್ಡಪ್ಪ’ ಎಂದಳು.

ಅವಳನ್ನು ದೂರುವುದಿಲ್ಲ. ಅಂಕ ಕೊಡುವವರು ನಕ್ಷೆ ಅಂದವಾಗಿದೆಯೇ ಎಂದು ನೋಡುತ್ತಾರೆ. ಅದೇ ಅವಳು ಪ್ರವೇಶಕ್ಕೆಂದು ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆ ಬರೆಯುವಾಗ, ತಟ್ಟೆಯಲ್ಲಿಟ್ಟ ಬೀಜ ಯಾವುದು, ಈ ಸಲಕರಣೆ ಯಾವುದು ಎಂದು ಗುರುತಿಸಬೇಕಿತ್ತು. ಹೊಲದ ಮಕ್ಕಳಿಗೆಂದು ಇಟ್ಟ ಆ ಪರೀಕ್ಷೆಗೂ ಈಗ ತರಬೇತಿ ಕೇಂದ್ರಗಳಿವೆ. ಬೀಜ ಗುರುತಿಸುವುದನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ಕಲಿತು ಬರುತ್ತಾರೆ.

ಇನ್ನು ಕ್ಯಾಲೆಂಡರ್. ಸಿಇಟಿ ಕೌನ್ಸೆಲಿಂಗ್‌ನ ಸುತ್ತುಗಳು ಮುಗಿದು ಹೊಸ ವಿದ್ಯಾರ್ಥಿ ತರಗತಿಗೆ ಬರುವ ಹೊತ್ತಿಗೆ ನಮ್ಮ ಮುಂಗಾರು ಬಿತ್ತನೆ ಮುಗಿದಿರುತ್ತದೆ. ತೊಗರಿ ಕಟಾವಿನ ಕಾಲಕ್ಕೆ ಅವನಿಗೆ ಪರೀಕ್ಷೆ ಅಥವಾ ರಜೆ. ಬೆಳೆಯೊಂದರ ಹುಟ್ಟನ್ನೂ ಕೊನೆಯನ್ನೂ ನೋಡದೆ ಪದವಿ ಮುಗಿಸುವುದು ಸಾಧ್ಯವಿದೆ. ಕಳೆದ ಮುಂಗಾರಿನಲ್ಲಿ ತಮ್ಮನ ಮಗಳ ತಂಡದ ನಾಲ್ಕಾರು ಹುಡುಗ ಹುಡುಗಿಯರು ನಮ್ಮ ಹೊಲಕ್ಕೆ ಬಂದಿದ್ದರು. ಒಂದು ತುಂಡಿಗೆ ನಾನು ಈಗಲೂ ಎತ್ತಿನ ಕೂರಿಗೆಯಲ್ಲಿ ನವಣೆ ಬಿತ್ತಿಸುತ್ತೇನೆ, ಕೂರಿಗೆಯ ಹಿಂದೆ ಕಟ್ಟುವ ಬಿತ್ತನೆ ಕೊಳವೆ ಸಡ್ಡೆಯಲ್ಲಿ ತೊಗರಿ ಅಕ್ಕಡಿ. ನವಣೆ ಸಣ್ಣ ಕಾಳು, ಮರಳು ಬೆರೆಸದಿದ್ದರೆ ಮುಷ್ಟಿಯಲ್ಲಿ ನಿಲ್ಲುವುದಿಲ್ಲ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಹೆಂಗಸು ಎತ್ತಿನ ಹೆಜ್ಜೆ ನೋಡುತ್ತಾ ನಡೆಯುತ್ತಾಳೆ. ಎತ್ತು ಬಿರುಸಾದರೆ ಬೆರಳುಗಳೂ ಬಿರುಸು, ಎತ್ತು ತಡೆದರೆ ಮುಷ್ಟಿ ಬಿಗಿ. ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ ಹಿಡಿದ ಇನ್ನೊಬ್ಬಳು, ಉಡಿಯಲ್ಲಿ ತೊಗರಿ, ಎರಡು ಮೂರು ಹೆಜ್ಜೆಗೊಮ್ಮೆ ಒಂದೊಂದು ಕಾಳು. ಹುಡುಗರು ವಿಡಿಯೊ ಮಾಡಿಕೊಂಡರು. ಒಬ್ಬ ತಾನೂ ಬಿಡುತ್ತೇನೆ ಎಂದು ಬಟ್ಟಲಿಗೆ ಕೈಯಿಟ್ಟ, ಎರಡು ಸಾಲು ನಡೆದ, ಎಲ್ಲರೂ ಚಪ್ಪಾಳೆ ತಟ್ಟಿದರು. ವಾರ ಕಳೆದು ಮೊಳಕೆ ಎದ್ದಾಗ ಆ ಎರಡು ಸಾಲುಗಳು ದೂರದಿಂದಲೇ ಗುರುತು ಸಿಗುತ್ತಿದ್ದವು. ಒಂದು ಮಾರು ಪೊದೆಯಂತೆ ಒತ್ತೊತ್ತು, ಮುಂದಿನ ಮಾರು ಬೋಳು. ಅದನ್ನು ನೋಡಲು ಆ ಹುಡುಗ ಇರಲಿಲ್ಲ, ತಂಡ ಬೇರೆ ಹಳ್ಳಿಗೆ ಹೋಗಿತ್ತು. ಇದ್ದಿದ್ದರೆ ಸಸಿ ತೆಳುಮಾಡುವುದೂ ಮರುನಾಟಿಯೂ ಅವನ ತಲೆಗೇ ಬರುತ್ತಿತ್ತು, ಆ ಕಲಿಕೆಗೆ ಯಾವ ಕ್ರೆಡಿಟ್ ಕೊಟ್ಟರೂ ಕಡಿಮೆಯೇ.

ಹಾಗಾಗಿ ಸಭೆಯಲ್ಲಿ ನಾನು ಕೇಳಿದ್ದು ಇದು: ನಾಲ್ಕು ಎಕರೆಯಲ್ಲಿ ಒಂದು ಭಾಗ ಈ ಸೀಮೆಯ ವಾಡಿಕೆಯ ಬೇಸಾಯ, ಅಂದರೆ ಒಂಟಿ ಮೆಕ್ಕೆಜೋಳ, ಕಳೆನಾಶಕ ಸಮೇತ. ಒಂದು ಭಾಗ ಮೆಕ್ಕೆಜೋಳ ಮತ್ತು ತೊಗರಿ. ಒಂದು ಭಾಗ ಶೇಂಗಾ, ಸಿರಿಧಾನ್ಯ, ಹುರುಳಿಯ ಸರದಿ, ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸುವುದು. ಒಂದು ಭಾಗವನ್ನು ಪೂರ್ತಿ ನೈಸರ್ಗಿಕ ಕೃಷಿಯವರು ತಮ್ಮ ಲೆಕ್ಕದಲ್ಲಿ ಮಾಡಲಿ. ಪ್ರತಿ ತಂಡ ತನಗೆ ಸಿಕ್ಕ ಭಾಗದ ಖರ್ಚುವೆಚ್ಚದ ಪುಸ್ತಕ ಬರೆಯಬೇಕು. ಆಳಿನ ಕೂಲಿ, ತಮ್ಮ ದುಡಿಮೆಯ ಗಂಟೆಗಳು, ಮಾರಿದ ದರ, ನಷ್ಟ ಎಲ್ಲವೂ ಅದರಲ್ಲಿರಬೇಕು. ಮುಂದಿನ ತಂಡಕ್ಕೆ ಪುಸ್ತಕವನ್ನೂ ಹೊಲವನ್ನೂ ಒಟ್ಟಿಗೆ ವಹಿಸಿಕೊಡಬೇಕು. ನಷ್ಟವಾದರೆ ಅಂಕ ಕಡಿತ ಇಲ್ಲ, ನಷ್ಟ ಮುಚ್ಚಿಟ್ಟರೆ ಕಡಿತ. ಮೊದಲ ಎರಡು ಮೂರು ವರ್ಷ ಸುಧಾರಿತ ಭಾಗಗಳು ಸೋಲುವ ಸಂಭವವೇ ಹೆಚ್ಚು. ಆ ಸೋಲನ್ನು ತಾಳಿಕೊಳ್ಳದ ವಿಶ್ವವಿದ್ಯಾಲಯ ರೈತನಿಗೆ ‘ತಾಳ್ಮೆಯಿರಲಿ’ ಎಂದು ಹೇಳುವ ಹಕ್ಕು ಕಳೆದುಕೊಳ್ಳುತ್ತದೆ.

ನಾಲ್ಕು ಎಕರೆ ಎರಡಾಗಲಿ, ಹತ್ತು ವರ್ಷ ಐದಾಗಲಿ ಎಂದು ಚೌಕಾಸಿ ನಡೆಯಿತು. ಎಕರೆಯಲ್ಲಿ ನಾನು ಇಳಿದೆ, ವರ್ಷದಲ್ಲಿ ಇಳಿಯಲಿಲ್ಲ.

ಪಾಠ ಮಾಡುವವರು ಯಾರು ಎಂಬ ಪ್ರಶ್ನೆಯೂ ಬಂತು. ಅನುಭವಿ ರೈತರನ್ನು ಕರೆಸುತ್ತೇವೆ ಎಂದರು. ಕರೆಸುವ ಬಗೆ ನನಗೆ ಗೊತ್ತಿದೆ: ಶಾಲು, ಹಾರ, ಹಣ್ಣಿನ ಬುಟ್ಟಿ, ಇಪ್ಪತ್ತು ನಿಮಿಷದ ಮಾತು, ಊಟ. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ತಂದಿದೆ. ತನ್ನ ಕ್ಷೇತ್ರದಲ್ಲಿ ಹದಿನೈದು ವರ್ಷದ ಅನುಭವ ಇದ್ದರೆ ಪಿಎಚ್.ಡಿ. ಇಲ್ಲದವರನ್ನೂ ಬೋಧಕರಾಗಿ ನೇಮಿಸಿಕೊಳ್ಳಬಹುದು. ಇದನ್ನು ಕಂಪನಿಗಳ ದೊಡ್ಡ ಅಧಿಕಾರಿಗಳಿಗೆ ಮಾತ್ರ ಮೀಸಲಿಡಬೇಕು ಎಂದು ಯಾರೂ ಹೇಳಿಲ್ಲ. ಕುರಿ ಮಂದೆ ಹಾಕಿಸಿದ ಹೊಲಕ್ಕೆ ಎಷ್ಟು ಮಳೆ ಬಿದ್ದ ಮೇಲೆ ಉಳುಮೆ ಮಾಡಬೇಕು ಎಂದು ಹೇಳಬಲ್ಲ ಚಳ್ಳಕೆರೆಯ ಕುರಿಗಾರನಿಗೆ ಒಂದು ಋತುವಿನ ಸಂಬಳ ಕೊಟ್ಟು ಕೂರಿಸಿಕೊಳ್ಳಿ ಎಂದೆ. ನಕ್ಕರು. ನಾನು ನಗಲಿಲ್ಲ.

ಚಳ್ಳಕೆರೆ ಎಂದಾಗ ಶೇಂಗಾ ನೆನಪಾಗುತ್ತದೆ. 1940ರಲ್ಲಿ ತಮಿಳುನಾಡಿನ ತಿಂಡಿವನದಿಂದ ಬಿಡುಗಡೆಯಾದ ಟಿಎಂವಿ-2 ತಳಿ ಎಷ್ಟೋ ದಶಕಗಳ ಕಾಲ ಆ ಸೀಮೆಯನ್ನು ಆಳಿತು. ಅದಕ್ಕಿಂತ ಹೆಚ್ಚು ಇಳುವರಿಯ ತಳಿಗಳನ್ನು ಸಂಶೋಧನಾ ಕೇಂದ್ರಗಳು ಒಂದರ ಹಿಂದೊಂದು ಕೊಟ್ಟವು, ರೈತರು ಟಿಎಂವಿ-2 ಬಿಡಲಿಲ್ಲ. ಇಲಾಖೆಯ ಸಭೆಗಳಲ್ಲಿ ಇದನ್ನು ‘ರೈತರ ಹಿಂಜರಿಕೆ’ ಎಂದು ದಾಖಲಿಸುತ್ತಿದ್ದೆವು. ಟಿಎಂವಿ-2 ಬೇಗ ಕೊಯ್ಲಿಗೆ ಬರುತ್ತದೆ, ಮನೆಯಲ್ಲೇ ಬೀಜ ಉಳಿಸಿಕೊಳ್ಳಬಹುದು, ಬಳ್ಳಿ ದನಕ್ಕೆ ಆಗುತ್ತದೆ, ಮಂಡಿಯಲ್ಲಿ ಆ ಕಾಳಿನ ಪರಿಚಯವಿದೆ. ಮಳೆ ಕೈಕೊಟ್ಟರೆ ಬೀಜದ ಸಾಲವಾದರೂ ಮೈಮೇಲೆ ಬರುವುದಿಲ್ಲ. ಇದು ಹಿಂಜರಿಕೆಯಲ್ಲ, ಲೆಕ್ಕಾಚಾರ. ಈಚೆಗೆ ಕದಿರಿ ಲೇಪಾಕ್ಷಿಯಂಥ ತಳಿಗೆ ರೈತರು ಹೊರಳುತ್ತಿರುವುದೂ ಲೆಕ್ಕ ಹಾಕಿಯೇ. ಇದೊಂದೇ ಪ್ರಶ್ನೆಯನ್ನು ಎರಡನೆಯ ವರ್ಷದ ವಿದ್ಯಾರ್ಥಿಗೆ ಕೊಟ್ಟು, ಚಳ್ಳಕೆರೆಯ ಹೋಬಳಿಯೊಂದರಲ್ಲಿ ಬಿಟ್ಟರೆ ಒಂದು ಸೆಮಿಸ್ಟರ್‌ಗೆ ಸಾಕಾಗುವಷ್ಟು ತಳಿಶಾಸ್ತ್ರ, ಅರ್ಥಶಾಸ್ತ್ರ, ಪಶುಪಾಲನೆ ಕಲಿತು ಬರುತ್ತಾನೆ.

ಅಡಿಕೆಯ ವಿಷಯ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಚನ್ನಗಿರಿಯ ಅಡಿಕೆಗೆ ಒಂದು ಇತಿಹಾಸವಿದೆ, ನೀರಿದೆ. ಹೊಳಲ್ಕೆರೆ ದಾಟಿ, ಜಗಳೂರಿನ ಕೆಂಪು ಮಟ್ಟಿಗಳಿಗೂ ಈಗ ಅಡಿಕೆ ಬಂದಿದೆ. ಕೊಳವೆಬಾವಿ ನೂರಾರು ಅಡಿ ಇಳಿದಿದೆ. ಬರದ ಬೇಸಿಗೆಯಲ್ಲಿ ಟ್ಯಾಂಕರ್‌ಗಳಲ್ಲಿ ನೀರು ತಂದು ಗಿಡ ಉಳಿಸಿಕೊಂಡವರನ್ನು ನೋಡಿದ್ದೇನೆ. ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಕೆರೆಗೆ ನೀರು ಬರುವ ಸುದ್ದಿಯ ಹಿಂದೆಯೇ ಅಡಿಕೆ ಸಸಿಯ ಲಾರಿಗಳೂ ಬಂದವು. ಎಕರೆಗೆ ಬರುವ ಆದಾಯದ ಮುಂದೆ ನವಣೆಯ ಪೌಷ್ಟಿಕತೆಯ ಮಾತು ನಿಲ್ಲುವುದಿಲ್ಲ, ಅಡಿಕೆ ಇಟ್ಟವನನ್ನು ಹಂಗಿಸುವುದರಲ್ಲಿ ಅರ್ಥವೂ ಇಲ್ಲ. ಆದರೆ ‘ಈ ನೆಲದಲ್ಲಿ, ಇಷ್ಟು ನೀರಿಗೆ, ಇಷ್ಟು ಎಕರೆಗಿಂತ ಹೆಚ್ಚು ಅಡಿಕೆ ಬೇಡ’ ಎಂದು ಅಂಕಿ ಹಿಡಿದು ಹೇಳುವ ಧೈರ್ಯ ಸುಸ್ಥಿರ ಕೃಷಿ ವಿಭಾಗಕ್ಕೂ ಇರದಿದ್ದರೆ ಆ ಫಲಕವನ್ನು ನೇತುಹಾಕುವ ಖರ್ಚು ದಂಡ. ಹೇಳಿದರೆ ಯಾರು ಕೋಪಿಸಿಕೊಳ್ಳುತ್ತಾರೆ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಆ ಭಾಗದ ನನ್ನ ಮಾತು ನಡಾವಳಿಯಲ್ಲಿ ‘ನೀರಿನ ಸಮರ್ಪಕ ಬಳಕೆಯ ಬಗ್ಗೆ ಚರ್ಚಿಸಲಾಯಿತು’ ಎಂದಾಯಿತು.

ಓದಿ ಮುಗಿಸಿದವರು ಎಲ್ಲಿ ಹೋಗುತ್ತಾರೆ ಎಂಬುದು ಪಠ್ಯಕ್ರಮ ಮಾಡುವವರು ಕೊನೆಗೆ ಯೋಚಿಸುವ ಸಂಗತಿ, ತಂದೆತಾಯಿ ಮೊದಲು ಯೋಚಿಸುವ ಸಂಗತಿ. ಕೃಷಿ ಅಧಿಕಾರಿ ಹುದ್ದೆಯ ಅಧಿಸೂಚನೆಯಲ್ಲಿ ಹೊಸ ಹೆಸರಿನ ಪದವಿಗೆ ಜಾಗ ಇದೆಯೇ ಎಂಬುದನ್ನು ಕೋರ್ಸ್ ಶುರುವಾಗುವ ಮುನ್ನವೇ ಬರೆಸಿಕೊಳ್ಳಬೇಕು. ಇಲ್ಲವಾದರೆ ಮೊದಲ ತಂಡವೇ ಬ್ಯಾನರ್ ಹಿಡಿದು ಗೇಟಿನ ಮುಂದೆ ಕೂರುತ್ತದೆ. ರೈತ ಉತ್ಪಾದಕರ ಸಂಸ್ಥೆಗಳು ಕೆಲವರನ್ನು ತೆಗೆದುಕೊಳ್ಳಬಹುದು. ಗೊಬ್ಬರದ ಅಂಗಡಿಗಳಿಗೂ ಇಂಥವರು ಬೇಕು. ನಮ್ಮಲ್ಲಿ ನಿಜವಾದ ಕೃಷಿ ವಿಸ್ತರಣೆ ನಡೆಯುವುದು ಆ ಅಂಗಡಿಯ ಗಲ್ಲಾದ ಮುಂದೆ, ಸಾಲದ ಪುಸ್ತಕದ ಜೊತೆಗೆ. ಅಂಗಡಿಯವರಿಗೆಂದು ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಇದೆ, ಒಳ್ಳೆಯದೇ. ತೊಗರಿಯನ್ನು ಕೊಲ್ಲದ ಕಳೆನಾಶಕ ಕೊಡುವ ಒಬ್ಬ ಅಂಗಡಿಕಾರ ಒಂದು ಹೋಬಳಿಯ ಬೆಳೆ ಪದ್ಧತಿಯನ್ನೇ ಬದಲಿಸಬಲ್ಲ.

ತಮ್ಮನ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ. ಮನೆಯಲ್ಲಿ ಎಲ್ಲರೂ ನಾನು ಬೇಸರಪಡುತ್ತೇನೆ ಎಂದುಕೊಂಡಿದ್ದರು. ಯಾಕೆ ಬೇಸರ? ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಎಂದು ಪ್ರತಿವರ್ಷ ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಗೊತ್ತುಮಾಡುತ್ತದೆ. ಆ ಪಟ್ಟಿಯಲ್ಲಿ ಅಡಿಕೆಗೆ ಎಷ್ಟು, ರಾಗಿಗೆ ಎಷ್ಟು ಎಂದು ನೋಡಿದವನು ಮುಂದಿನ ಹಂಗಾಮಿನಲ್ಲಿ ಯಾವುದು ಹೆಚ್ಚುತ್ತದೆ ಎಂದು ಕುಳಿತಲ್ಲೇ ಹೇಳಬಹುದು. ಆ ಸಮಿತಿಯ ಮೇಜಿನ ಸುತ್ತ ಬ್ಯಾಂಕಿನವರಿರುತ್ತಾರೆ, ಇಲಾಖೆಯವರಿರುತ್ತಾರೆ, ಬಹುಪಾಲು ಕೃಷಿ ಪದವೀಧರರೇ.

‘ಅಕ್ಕಡಿ ಬೆಳೆಗೆ ಎಷ್ಟು ಸಾಲ ಕೊಡಬೇಕು ಎಂದು ಅಲ್ಲಿ ಕೇಳುತ್ತೇನೆ, ದೊಡ್ಡಪ್ಪ. ಅಂಕಿ ನೀವು ಕೊಡಬೇಕು’ ಎಂದಿದ್ದಾಳೆ. ತೊಗರಿ ಮಾರಾಟವಾದ ಕೂಡಲೇ ಈ ವರ್ಷದ ಲೆಕ್ಕ ಬರೆದು ಕಳಿಸುತ್ತೇನೆ.